ಆರೋಗ್ಯ ಪ್ರಶ್ನೋತ್ತರ: ಇಕ್ಕಳದ ಹೆರಿಗೆ, ಆಳದ ಹೊಲಿಗೆ

ಪ್ರಶ್ನೆ: ಚೊಚ್ಚಲ ಹೆರಿಗೆಯಾಗಿ ಐದು ವಾರ. ಎರಡು ಗಂಟೆ ಮುಕ್ಕಿದರೂ ಮಗು ಬರಲಿಲ್ಲ. ಮೊದಲು ವ್ಯಾಕ್ಯೂಮ್ (ತಲೆಗೆ ಅಂಟಿಸಿ ಎಳೆಯುವ ಬಟ್ಟಲು) ಹಾಕಿದರು, ಅದು ಜಾರಿತು; ಆಮೇಲೆ ಫೋರ್ಸೆಪ್ಸ್ (ಇಕ್ಕಳ). ಮಗು 3.8 ಕೆ.ಜಿ. ಡಿಸ್ಚಾರ್ಜ್ ಚೀಟಿಯಲ್ಲಿ ‘3ಬಿ ಟೇರ್’ ಎಂದಿದೆ. ಈಗ ಗ್ಯಾಸ್ ತಡೆಯಲಾಗುತ್ತಿಲ್ಲ. ಸರಿಯಾಗಿ ಮುಕ್ಕದ್ದರಿಂದಲೇ ಹೀಗಾಯಿತು ಅನ್ನುತ್ತಾರೆ ಅತ್ತೆ. ನಿಜವೇ?
– ಹೆಸರು ಬೇಡ, ಸಕಲೇಶಪುರ ತಾಲ್ಲೂಕು

ಉತ್ತರ: ಖಂಡಿತ ನಿಜವಲ್ಲ. ಈ ಉತ್ತರವನ್ನು ಅತ್ತೆಯವರಿಗೂ ಓದಿ ಹೇಳಿ.

ಗುದದ್ವಾರವನ್ನು ಬಿಗಿಹಿಡಿಯುವ ಸ್ನಾಯು ಬಳೆಯ ಹಾಗೆ ಸುತ್ತಲೂ ಇರುತ್ತದೆ. ಅದರ ಹೊರಬಳೆ ಅರ್ಧಕ್ಕಿಂತ ಹೆಚ್ಚು ಹರಿದರೆ 3ಬಿ. ಒಳಬಳೆಯೂ ಹರಿದರೆ 3ಸಿ, ಕರುಳಿನ ಪೊರೆಯೂ ಹರಿದರೆ ನಾಲ್ಕನೇ ದರ್ಜೆ. ಇದಕ್ಕೆ ದಾರಿಮಾಡುವ ಕಾರಣಗಳು ನಿಮ್ಮ ಪತ್ರದಲ್ಲೇ ಇವೆ: ಮೊದಲ ಹೆರಿಗೆ, ಮುಕ್ಕುವ ಹಂತ ಎಳೆದದ್ದು, ತೂಕದ ಮಗು, ಎಲ್ಲಕ್ಕಿಂತ ಮಿಗಿಲಾಗಿ ಒಂದರ ಮೇಲೊಂದು ಎರಡು ಸಲಕರಣೆ. ವ್ಯಾಕ್ಯೂಮ್‌ನ ಬಟ್ಟಲು ತಲೆಯ ಮೇಲೆ ಅಂಟಿಕೊಳ್ಳುತ್ತದೆ, ಪಕ್ಕದಲ್ಲಿ ಜಾಗ ಕೇಳುವುದಿಲ್ಲ. ಫೋರ್ಸೆಪ್ಸ್‌ನ ಎರಡು ಅಲಗುಗಳು ತಲೆಯ ಅಕ್ಕಪಕ್ಕ ಕೂರುವುದರಿಂದ ದಾರಿ ಇನ್ನಷ್ಟು ಹಿಗ್ಗಬೇಕು. ಮಗುವಿನ ಮುಖ ಮೇಲಕ್ಕೆ ತಿರುಗಿದ್ದರೆ ತಲೆಯ ಅಗಲವಾದ ಭಾಗವೇ ಮೊದಲು ಬರುತ್ತದೆ, ಅಪಾಯ ಮತ್ತೂ ಹೆಚ್ಚು.

ಮಗು ಬರುವ ದಾರಿ ಅಗಲಿಸಲು ಯೋನಿದ್ವಾರದ ಅಂಚಿಗೆ ಕತ್ತರಿ ಹಾಕುವುದುಂಟು (ಎಪಿಸಿಯೊಟಮಿ). ಅದರ ಕೋನವೂ ಮುಖ್ಯ. ಗುದದ್ವಾರ ಗಡಿಯಾರದ 6ರ ಕಡೆಗಿದೆ ಎಂದುಕೊಳ್ಳಿ. ತಲೆ ಕಾಣಿಸಿ ಚರ್ಮ ಬಿಗಿದಾಗ ಕತ್ತರಿ 8ರ ಕಡೆಗೆ, ಅಂದರೆ 60 ಡಿಗ್ರಿ ಓರೆಗೆ ಸಾಗಬೇಕು. ಹಿಗ್ಗಿದ ಚರ್ಮ ಮತ್ತೆ ಕುಗ್ಗಿದಾಗ ಆ ಕೋನ ಕಿರಿದಾಗುತ್ತದೆ. ನಡುಗೆರೆಗೆ ಹತ್ತಿರವಾಗಿ ಕತ್ತರಿಸಿದರೆ ಗಾಯ ನೇರ ಸ್ನಾಯುವಿಗೇ ಓಡುತ್ತದೆ. ಇದೆಲ್ಲ ಹೆರಿಗೆ ಮಾಡಿಸುವವರ ಕೈಯಲ್ಲಿರುವುದು. ಎಲ್ಲ ಸರಿಯಾಗಿ ಮಾಡಿದರೂ ಕೆಲವೊಮ್ಮೆ ಹರಿಯುತ್ತದೆ, ಅದೂ ಸತ್ಯ.

ಈಗ ನಿಮ್ಮ ಆರೈಕೆ. ಸರಿಯಾಗಿ ಹೊಲಿದವರಲ್ಲಿ ವರ್ಷದ ಹೊತ್ತಿಗೆ 100ಕ್ಕೆ 60–80 ಮಂದಿಗೆ ಯಾವ ತೊಂದರೆಯೂ ಉಳಿಯುವುದಿಲ್ಲ. ನಮ್ಮ ಕಡೆಯ ಬಾಣಂತನದಲ್ಲಿ ನೀರು, ಸೊಪ್ಪು, ಹಣ್ಣು ಕಡಿಮೆ ಮಾಡುವ ರೂಢಿಯಿದೆ. ಆಳದ ಹೊಲಿಗೆಯವರಿಗೆ ಅದು ಬಹಳ ಕೆಟ್ಟದ್ದು. ಮಲ ಗಟ್ಟಿಯಾಗಿ ಮುಕ್ಕಿದರೆ ಆ ಸ್ನಾಯುವಿನ ಮೇಲೇ ಒತ್ತಡ ಬೀಳುತ್ತದೆ. ದಿನಕ್ಕೆ ಎರಡೂವರೆ ಲೀಟರ್ ನೀರು ಕುಡಿಯಿರಿ. ಮುದ್ದೆಯ ಜೊತೆ ಸೊಪ್ಪಿನ ಸಾರಿರಲಿ. ಆದರೂ ಗಟ್ಟಿಯಾದರೆ ಲ್ಯಾಕ್ಟುಲೋಸ್ ಸಿರಪ್ಪಿಗೆ ವೈದ್ಯರನ್ನು ಕೇಳಿ, ಹಾಲೂಡಿಸುವಾಗಲೂ ಅದನ್ನು ಕುಡಿಯಬಹುದು. ಗ್ಯಾಸ್ ತಡೆಯುವಂತೆ ಗುದವನ್ನು ಮೇಲಕ್ಕೆಳೆದು 5 ಸೆಕೆಂಡು ಹಿಡಿದು ಬಿಡಿ. ಒಮ್ಮೆಗೆ 10 ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬೇಡಿ.

6ರಿಂದ 12 ವಾರದೊಳಗೆ ಆ ಚೀಟಿ ಹಿಡಿದು ಸ್ತ್ರೀರೋಗ ತಜ್ಞರನ್ನು ಕಾಣಿ. ‘ಗ್ಯಾಸ್ ನಿಲ್ಲುತ್ತಿಲ್ಲ’ ಎಂದು ನೀವೇ ಬಾಯಿಬಿಟ್ಟು ಹೇಳಬೇಕು, ಎಷ್ಟೋ ಕಡೆ ಕೇಳುವುದೇ ಇಲ್ಲ. ಜ್ವರ, ಕೀವು, ಹೊಲಿಗೆ ಬಿಡುವುದು, ಯೋನಿಯಿಂದ ಮಲ ಅಥವಾ ಗಾಳಿ ಬರುವುದು ಕಂಡರೆ ಅವತ್ತೇ ಹೋಗಿ.

ಮುಂದಿನ ಹೆರಿಗೆಯಲ್ಲಿ ಹೀಗೇ ಮತ್ತೆ ಹರಿಯುವ ಸಂಭವ 100ಕ್ಕೆ 5ರಿಂದ 7. ಆಗಲೂ ತೊಂದರೆ ಉಳಿದಿದ್ದರೆ, ಇಲ್ಲವೇ ಸ್ಕ್ಯಾನಿನಲ್ಲಿ ಸ್ನಾಯು ಕೂಡಿಲ್ಲವೆಂದು ಕಂಡರೆ, ಸಿಸೇರಿಯನ್ ಬಗ್ಗೆ ಮಾತಾಡಬೇಕು. ಈ ಚೀಟಿಯನ್ನು ತಾಯಿ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ.

ಪ್ರಶ್ನೆ: ಹೆರಿಗೆಗೆ ಮೊದಲು ಯೋನಿ ಮತ್ತು ಗುದದ ನಡುವಿನ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕಿದರೆ ಹರಿಯುವುದು ತಪ್ಪುತ್ತದೆಯೇ?
– ಮೂಡಿಗೆರೆಯ ಗರ್ಭಿಣಿ

ಉತ್ತರ: ಚೊಚ್ಚಲಿನವರಿಗೆ ಹೊಲಿಗೆ ಬೀಳುವ ಸಂಭವ ಒಂದಿಷ್ಟು ಇಳಿಯುತ್ತದೆ, ಗುದದ ಸ್ನಾಯು ಹರಿಯುವುದು ಇದರಿಂದ ತಪ್ಪುತ್ತದೆನ್ನಲು ಆಧಾರವಿಲ್ಲ. 35ನೇ ವಾರದಿಂದ ವಾರಕ್ಕೆ ಒಂದೆರಡು ಸಲ, ಉಗುರು ಕತ್ತರಿಸಿ ಕೈ ತೊಳೆದು, ಎಣ್ಣೆ ಹಚ್ಚಿದ ಹೆಬ್ಬೆರಳನ್ನು ಯೋನಿಯಲ್ಲಿ 3–4 ಸೆಂ.ಮೀ. ಒಳಗಿಟ್ಟು ಕೆಳಕ್ಕೂ ಪಕ್ಕಕ್ಕೂ ಮೆಲ್ಲಗೆ ಒತ್ತಿ. ಐದು ನಿಮಿಷ ಸಾಕು. ರಕ್ತಸ್ರಾವ, ಸೋಂಕು ಇದ್ದರೆ, ನೀರು ಹೋಗಿದ್ದರೆ ಬೇಡ. ಮುಕ್ಕುವ ಹಂತದಲ್ಲಿ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಆ ಜಾಗಕ್ಕೆ ಶಾಖ ಕೊಟ್ಟರೆ ಆಳದ ಗಾಯ ಕಡಿಮೆಯಾಗುತ್ತದೆ. ಹೆರಿಗೆ ಕೋಣೆಯಲ್ಲಿ ಅದನ್ನು ಕೇಳಿ ಮಾಡಿಸಿಕೊಳ್ಳಿ.