ರಿಪೇರಿ ಮೇಜಿನಿಂದ: ಹೆಬ್ಬೆರಳಿನಷ್ಟು ಟಾರ್ಚು, ಆರು ಸಾವಿರ ರೂಪಾಯಿ

ಈ ತಿಂಗಳು ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಟಾರ್ಚಿನದ್ದೇ. ಮಳೆ ಶುರುವಾಗಿದೆ, ಕರೆಂಟು ಬರೋದು ಹೋಗೋದು ಮಾಡ್ತಿದೆ, ಸಹಜ. ಮೊದಲೇ ಒಂದು ಮಾತು. ನಮ್ಮ ಶಿಡ್ಲಘಟ್ಟದ ಕಡೆ ಟಾರ್ಚಿಗೆ ‘ಬ್ಯಾಟ್ರಿ’ ಅಂತಾರೆ, ಅದರೊಳಗೆ ಹಾಕೋದಕ್ಕೆ ‘ಶೆಲ್ಲು’ ಅಂತಾರೆ. ಅಂಗಡಿಗೆ ಬಂದು ‘ಬ್ಯಾಟ್ರಿ ಕೊಡಿ’ ಅಂದರೆ ‘ಯಾವ ಬ್ಯಾಟ್ರಿ?’ ಅಂತ ನಾನು ತಿರುಗಿ ಕೇಳಲೇಬೇಕು. ಇಲ್ಲಿ ಆ ಗೊಂದಲ ಬೇಡ. ಟಾರ್ಚು, ಸೆಲ್ಲು ಅಂತಲೇ ಬರೆಯುತ್ತೇನೆ.

ಪ್ರಶ್ನೆ: ನಮ್ಮ ತಂಗಿ ಮಗ ಬೆಂಗಳೂರಿನಿಂದ ಒಂದು ತಾಮ್ರದ ಟಾರ್ಚು ತಂದುಕೊಟ್ಟಿದ್ದಾನೆ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ‘ಲಿಮಿಟೆಡ್ ಎಡಿಷನ್ ಮಾವ, 500 ಮಾತ್ರ ಮಾಡಿರೋದು’ ಅಂತ ಹೇಳಿದ. ಮೈಮೇಲೆ ನಂಬರ್ ಕೆತ್ತಿದ್ದಾರೆ. ಬೆಲೆ ಆರು ಸಾವಿರವಂತೆ. 1,200 ಲ್ಯೂಮೆನ್ ಅಂತ ಡಬ್ಬಿ ಮೇಲಿದೆ. ಆದರೆ ನಮ್ಮ ಹಳೇ ಮೂರು ಸೆಲ್ಲಿನ ಟಾರ್ಚು ಆಚೆ ತೋಟದ ತೆಂಗಿನ ಮರದ ತುದಿ ತೋರಿಸುತ್ತೆ, ಇದು ತೋರಿಸಲ್ಲ. ಹುಡುಗ ಮೋಸ ಹೋದನಾ?
— ರೇಷ್ಮೆ ಬೆಳೆಗಾರರು, ದಿಬ್ಬೂರಹಳ್ಳಿ

ಯಜಮಾನರೇ, ಕಾಗದ ಹಾಕಿ ಸುಮ್ಮನಾಗದೆ ಟಾರ್ಚನ್ನೂ ಅಂಗಡಿಗೆ ತಂದು ತೋರಿಸಿದಿರಿ, ಒಳ್ಳೆಯದಾಯಿತು. ಇಲ್ಲದಿದ್ದರೆ ನಾನೂ ‘ಮೋಸ’ ಅಂತಲೇ ಬರೆದುಬಿಡುತ್ತಿದ್ದೆ.

ತೋಟಕ್ಕೆ ನೀರು ಬಿಡೋ ಪೈಪು ನೆನಪು ಮಾಡಿಕೊಳ್ಳಿ. ಪೈಪಿನ ಬಾಯಿ ಪೂರಾ ಬಿಟ್ಟರೆ ನೀರು ಕಾಲ ಬುಡದಲ್ಲೇ ಬೀಳುತ್ತೆ. ಬಾಯಿಗೆ ಬೆರಳು ಅಡ್ಡ ಇಟ್ಟರೆ ಅದೇ ನೀರು ಮೂರು ಸಾಲು ದಾಟಿ ಹಾರುತ್ತೆ. ಲ್ಯೂಮೆನ್ ಅನ್ನೋದು ಒಟ್ಟು ಎಷ್ಟು ನೀರು ಬಂತು ಅನ್ನೋ ಲೆಕ್ಕ. ಎಷ್ಟು ದೂರ ಹಾರಿತು ಅನ್ನೋದಕ್ಕೆ ಬೇರೆ ಲೆಕ್ಕ, ಅದಕ್ಕೆ ಕ್ಯಾಂಡೆಲಾ ಅಂತಾರೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಅದೂ ಇರುತ್ತೆ. 2,500 ಕ್ಯಾಂಡೆಲಾ ಇದ್ದರೆ ಬೆಳಕು 100 ಮೀಟರ್ ಹೋಗುತ್ತೆ, 10,000 ಇದ್ದರೆ 200 ಮೀಟರ್. ದೂರ ಎರಡರಷ್ಟು ಬೇಕಂದರೆ ಬೆಳಕು ನಾಲ್ಕರಷ್ಟು ಬೇಕು. ಇನ್ನು ‘ಹೋಗುತ್ತೆ’ ಅಂದರೆ ಏನು ಗೊತ್ತಾ? ಅಷ್ಟು ದೂರದಲ್ಲಿ ಹುಣ್ಣಿಮೆ ಬೆಳದಿಂಗಳಷ್ಟು ಬೆಳಕು ಬಿದ್ದರೆ ಸಾಕು, ಕಂಪನಿಯವರು ಅದನ್ನೇ ದೂರ ಅಂತ ಬರೆಯುತ್ತಾರೆ. ಅಷ್ಟರಲ್ಲಿ ಕಾಯಿ ಯಾವುದು, ಗರಿ ಯಾವುದು ಅಂತ ಹೇಳೋದು ಕಷ್ಟ.

ನಿಮ್ಮ ಹಳೇ ಟಾರ್ಚಿನ ಕನ್ನಡಿ ಕಾಫಿ ಲೋಟದ ಬಾಯಿಯಷ್ಟು ಅಗಲ. ಬೆಳಕು ಕಮ್ಮಿ ಇದ್ದರೂ ಎಲ್ಲವನ್ನೂ ಒಂದೇ ಕಡೆ ಕಟ್ಟಿ ಎಸೆಯುತ್ತೆ. ಈ ತಾಮ್ರದ್ದರ ಕನ್ನಡಿ ಎಂಟಾಣೆಗಿಂತ ಚಿಕ್ಕದು. ಬೆಳಕನ್ನು ಎದುರಿಗೇ ಸುರಿಯುತ್ತೆ. ಅಂಗಳ, ಹಟ್ಟಿ, ರೇಷ್ಮೆ ಹುಳುಮನೆಗೆ ಇದು. ತೆಂಗಿನ ಮರಕ್ಕೆ ಅದು. ಹಳೇದನ್ನು ಗುಜರಿಗೆ ಹಾಕಬೇಡಿ.

ಈಗ ಆರು ಸಾವಿರದ ವಿಷಯ. ಇದೇ ಟಾರ್ಚಿನ ಅಲ್ಯೂಮಿನಿಯಂ ತಮ್ಮನೊಬ್ಬ ನಮ್ಮ ಗಿರಾಕಿ ಹತ್ತಿರ ಇದ್ದಾನೆ, 2,800 ರೂಪಾಯಿಯವನು. ಎರಡರ ತಲೆಯನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟೆ. ಒಳಗೆ ಹೆಸರುಕಾಳಿನಷ್ಟು ಹಳದಿ ಚೌಕ, ಅದೇ ಎಲ್‌ಇಡಿ. (ಹಳದಿ ಅದರ ಮೇಲಿನ ಲೇಪ ಅಷ್ಟೇ. ಒಳಗಿನಿಂದ ಬರೋದು ನೀಲಿ ಬೆಳಕು. ನೀಲಿ, ಹಳದಿ ಸೇರಿ ನಮ್ಮ ಕಣ್ಣಿಗೆ ಬಿಳಿ. ಆ ನೀಲಿ ಎಲ್‌ಇಡಿ ಮಾಡಿದ ಮೂವರಿಗೆ 2014ರಲ್ಲಿ ನೊಬೆಲ್ ಬಂತು.) ಅದೇ ಸ್ಪ್ರಿಂಗು, ಅದೇ ರಬ್ಬರ್ ರಿಂಗು, ಸರ್ಕ್ಯೂಟಿನ ಮೇಲೂ ಅದೇ ಅಚ್ಚು. ಬೇರೆ ಇರೋದು ಲೋಹ ಒಂದೇ, ಜೊತೆಗೆ ಆ ನಂಬರು.

ಲೋಹ ಸುಮ್ನೆ ಶೋಕಿಗೆ ಅಂತಲ್ಲ. ಎಲ್‌ಇಡಿ ಬಿಸಿಯಾದರೆ ಬಾಳಿಕೆ ಕಮ್ಮಿ, ಅದಕ್ಕೇ ಬಿಸಿ ಮೈಗೆ ಇಳಿಯಬೇಕು. ಟಾರ್ಚಿಗೆ ಬಳಸೋ ಅಲ್ಯೂಮಿನಿಯಂಗಿಂತ ತಾಮ್ರ ಎರಡು ಪಟ್ಟಿಗೂ ಜಾಸ್ತಿ ಬಿಸಿ ಸಾಗಿಸುತ್ತೆ. ಟೈಟಾನಿಯಂ ಅಂತ ಇನ್ನೂ ದುಬಾರಿಯದು ಬರುತ್ತೆ, ಈ ಕೆಲಸಕ್ಕೆ ಅದು ಮೂರರಲ್ಲೂ ದಡ್ಡ. ಎರಡನ್ನೂ ಫುಲ್ಲಿನಲ್ಲಿಟ್ಟು ಗಡಿಯಾರ ಹಿಡಿದು ಕೂತೆ. ಅಲ್ಯೂಮಿನಿಯಂದು 50 ಸೆಕೆಂಡಿಗೆ ತಾನಾಗೇ ಬೆಳಕು ಇಳಿಸಿಕೊಂಡಿತು. ತಾಮ್ರದ್ದು 80ಕ್ಕೆ. ಅರ್ಧ ನಿಮಿಷಕ್ಕೆ ಮೂರು ಸಾವಿರದ ಇನ್ನೂರು ರೂಪಾಯಿ! ತೂಕವೂ ಅಷ್ಟೇ, ತಾಮ್ರದ್ದು ನೂರು ಗ್ರಾಂ ದಾಟಿತು. ಲುಂಗಿ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಲುಂಗಿಯೇ ಕೆಳಗೆ ಬರುತ್ತೆ.

ಹಾಗಂತ ತಂಗಿ ಮಗನನ್ನು ಬೈಯಬೇಡಿ. ಅವನು ತಂದಿರೋದರಲ್ಲಿ ಬೆಲೆ ಬಾಳೋದು ನಂಬರಲ್ಲ, ಫುಲ್ಲೂ ಅಲ್ಲ. ಎಲ್ಲಕ್ಕಿಂತ ಕೆಳಗಿನ ಎರಡು ಮೆಟ್ಟಿಲು.

ಇದರಲ್ಲಿ ಬೆಳಕು ಏರಿಸೋ ಇಳಿಸೋ ಐದು ಮೆಟ್ಟಿಲಿದೆ: 1, 20, 80, 300, 1,200 ಲ್ಯೂಮೆನ್. ಒಳಗಿನ ಪುಟಾಣಿ ಸೆಲ್ಲು 700 ಎಂಎಎಚ್ (ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ), ಅಂದರೆ ಸುಮಾರು ಎರಡೂವರೆ ವ್ಯಾಟ್-ಅವರ್. 1,200 ಲ್ಯೂಮೆನ್‌ಗೆ ಹತ್ತಿರಹತ್ತಿರ 12 ವ್ಯಾಟ್ ಬೇಕು. ಬೆಳಕು ಇಳಿಯದೆ ನಿಂತರೂ 12, 13 ನಿಮಿಷಕ್ಕೆ ಸೆಲ್ಲು ಖಾಲಿ. 300ಕ್ಕೆ ಇಳಿಸಿದರೆ ಮುಕ್ಕಾಲು ಗಂಟೆ ಮೇಲೆ. ಕಣ್ಣಿಗೆ ಬೆಳಕು ಕಾಲು ಭಾಗ ಆದಂತೆ ಕಾಣಲ್ಲ, ಅರ್ಧ ಆದಂತೆ ಕಾಣುತ್ತೆ ಅಷ್ಟೇ. ನಮ್ಮ ಕಣ್ಣಿನ ಲೆಕ್ಕವೇ ಹಾಗೆ.

20ರ ಮೆಟ್ಟಿಲು ನಿಮ್ಮ ಹುಳುಮನೆಗೆ ಅಂತಲೇ ಇಟ್ಟ ಹಾಗಿದೆ. ಹುಳಕ್ಕೆ ಕಡು ಬೆಳಕೂ ಆಗಲ್ಲ, ಗಾಢ ಕತ್ತಲೂ ಆಗಲ್ಲ. 15ರಿಂದ 30 ಲಕ್ಸ್ ಮಂದ ಬೆಳಕು ಇಷ್ಟ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲ್ಯೂಮೆನ್ ಬಿದ್ದರೆ ಅದೇ ಒಂದು ಲಕ್ಸ್. ಒಂದು ದೊಡ್ಡ ತಟ್ಟೆಯ ಮೇಲೆ 20 ಲ್ಯೂಮೆನ್ ಸಮನಾಗಿ ಹರಡಿದರೆ ಸರಿಸುಮಾರು ಹುಳ ಕೇಳಿದಷ್ಟೇ ಬೆಳಕು. ಅದೇ ತಟ್ಟೆಗೆ 1,200 ಬಿಟ್ಟರೆ ಮಟಮಟ ಮಧ್ಯಾಹ್ನ ಮಾಡಿದ ಹಾಗೆ.

ಇದು ನನಗೆ ಓದಿ ಗೊತ್ತಾಗಿದ್ದಲ್ಲ. ಹೋದ ವರ್ಷ ಮೇಲೂರಿನಲ್ಲಿ ಅಣ್ಣನ ಮನೆಯಲ್ಲಿ ಹುಳ ನಾಲ್ಕನೇ ಜ್ವರ ಬಿಟ್ಟು ಎದ್ದಿತ್ತು (ಹುಳ ಪೊರೆ ಕಳಚೋದಕ್ಕೆ ಜ್ವರ ಅಂತಾರೆ). ರಾತ್ರಿ ಹತ್ತೂವರೆ ಸೊಪ್ಪಿನ ಹೊತ್ತು, ಕರೆಂಟಿಲ್ಲ. ನಾನು ಹೊಸ ಟಾರ್ಚು ತೋರಿಸೋ ಹುರುಪಿನಲ್ಲಿ ಫುಲ್ ಹಾಕಿಬಿಟ್ಟೆ. ಬೆಳಕು ನೇರ ಬಿದ್ದ ಕಡೆಯ ಹುಳಗಳು ತಲೆ ಎತ್ತಿದವು, ಹೊತ್ತು ಕಳೆದಂತೆ ಮೆಲ್ಲಗೆ ಅಂಚಿಗೆ ಸರಿದವು. ಸ್ವಲ್ಪ ಹೊತ್ತಿಗೆ ತಟ್ಟೆಯ ನಡುವೆ ಬರೀ ಸೊಪ್ಪು, ಅಂಚಿನಲ್ಲಿ ಹುಳದ ಮೇಲೆ ಹುಳ. ಅತ್ತಿಗೆ ಬಂದವರೇ, ‘ಹುಳ ನೋಡೋಕೆ ಬಂದ್ಯೋ, ಕಳ್ಳನ್ನ ಹಿಡಿಯೋಕೆ ಬಂದ್ಯೋ?’ ಅಂದರು. ಆಮೇಲೆ ಅವರೇ ಒಂದೊಂದು ಹಿಡಿ ಹಿಡಿದು ನಡುವಿಗೆ ಹರಡಿದರು. ನಾನು ಟಾರ್ಚನ್ನು ತಿರುಗಿಸಿ ಗೋಡೆಗೆ ಬಿಟ್ಟುಕೊಂಡು ನಿಂತಿದ್ದೆ.

ಒಂದು ಲ್ಯೂಮೆನ್ನಿನ ಮೆಟ್ಟಿಲು ರಾತ್ರಿ ಎದ್ದು ಹೊರಗೆ ಹೋಗೋದಕ್ಕೆ. ಮಲಗಿದವರಿಗೆ ಎಚ್ಚರವಾಗಲ್ಲ. ಕಣ್ಣು ಕತ್ತಲೆಗೆ ಪೂರಾ ಹೊಂದಿಕೊಳ್ಳೋಕೆ ಇಪ್ಪತ್ತು, ಮೂವತ್ತು ನಿಮಿಷ ಬೇಕು. ಒಮ್ಮೆ ಫುಲ್ ಹಾಕಿದರೆ ಅಷ್ಟೂ ಹಾಳು.

ಪ್ರಶ್ನೆ: ಸಾರ್, ನನ್ನ ಟಾರ್ಚನ್ನು ಕಮ್ಮಿ ಬೆಳಕಿನಲ್ಲಿಟ್ಟು ಮೊಬೈಲಿನಲ್ಲಿ ವಿಡಿಯೋ ಮಾಡಿದರೆ ಕಪ್ಪು ಪಟ್ಟಿಗಳು ಓಡುತ್ತವೆ. ಫುಲ್ಲಿನಲ್ಲಿ ಬರಲ್ಲ. ಹಾಳಾಗಿದೆಯಾ?
— ಡಿಪ್ಲೊಮಾ ವಿದ್ಯಾರ್ಥಿ, ಕೋಲಾರ

ಹಾಳಾಗಿಲ್ಲ, ಅಗ್ಗದ ಉಪಾಯ ಮಾಡಿದ್ದಾರೆ. ಬೆಳಕು ಇಳಿಸೋಕೆ ಎರಡು ದಾರಿ. ಕರೆಂಟನ್ನೇ ಕಮ್ಮಿ ಕೊಡೋದು ಒಂದು. ಫುಲ್ ಕರೆಂಟನ್ನೇ ಸೆಕೆಂಡಿಗೆ ನೂರಾರು ಸಲ ಆನ್-ಆಫ್ ಮಾಡೋದು ಇನ್ನೊಂದು, ಪಿಡಬ್ಲ್ಯೂಎಂ ಅಂತ ಪಾಠದಲ್ಲಿ ಬಂದಿರಬೇಕು. ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಗೆ ಗೊತ್ತಾಗುತ್ತೆ. ಈ ಆನ್-ಆಫ್ ನಿಧಾನವಾಗಿದ್ದರೆ ಕೆಲವರಿಗೆ ತಲೆನೋವು ಬರುತ್ತೆ. ಮುಂದಿನ ಸಲ ಅಂಗಡಿಯಲ್ಲೇ ಮೊಬೈಲ್ ಹಿಡಿದು ನೋಡಿ ತಗೊಳ್ಳಿ. ಅಂಗಡಿಯವರು ಮುಖ ಗಂಟು ಹಾಕಿಕೊಳ್ಳಬಹುದು, ಹಾಕಿಕೊಳ್ಳಲಿ.

ಪ್ರಶ್ನೆ: ಸಂತೆಯಲ್ಲಿ 9,900 ಎಂಎಎಚ್ ಲೀಥಿಯಂ ಸೆಲ್ಲು 120 ರೂಪಾಯಿಗೆ ಸಿಗುತ್ತಿದೆ. ತಗೊಳ್ಳಬಹುದಾ?
— ಹಾಲಿನ ವ್ಯಾಪಾರಿ, ಚಿಂತಾಮಣಿ

ಬೇಡ. ನೀವು ಹೇಳೋ ಸೆಲ್ಲಿಗೆ 18650 ಅಂತಾರೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅದೇ ಅದರ ಹೆಸರು. ಆ ಗಾತ್ರದಲ್ಲಿ ಒಳ್ಳೆ ಕಂಪನಿಯವರು ಮಾರೋದೇ ಹೆಚ್ಚೆಂದರೆ 3,500 ಎಂಎಎಚ್ ಆಸುಪಾಸು. ನಾನೂ ಒಮ್ಮೆ ಆಸೆ ಬಿದ್ದು ಹತ್ತು ತಂದಿದ್ದೆ. ಪಕ್ಕದ ಬೆಳ್ಳಿ ಅಂಗಡಿ ತಕ್ಕಡಿಯಲ್ಲಿಟ್ಟರೆ 29 ಗ್ರಾಂ. ಅಸಲಿಯದು 45ರ ಮೇಲೆ ತೂಗುತ್ತೆ. ಟೆಸ್ಟರ್‌ಗೆ ಹಾಕಿದೆ, 800 ಎಂಎಎಚ್ ಕೂಡ ಬರಲಿಲ್ಲ. ಹಾಲು ಕೊಡೋರಿಗೆ ನಾನು ಹೊಸದಾಗಿ ಹೇಳಬೇಕಾ? ನೀರು ಬೆರೆತಿದೆಯಾ ಅಂತ ಹಾಲಿಗೆ ಡಿಗ್ರಿ ಹಿಡಿಯೋ ಹಾಗೆ ಸೆಲ್ಲಿಗೂ ಹಿಡಿದು ನೋಡಬೇಕು.

ಪ್ರಶ್ನೆ: ನಮ್ಮ ತಂದೆಯವರು ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಿದ್ದಾಗಿನ ತಲೆದೀಪ ಮನೆಯಲ್ಲಿದೆ. ಸೊಂಟಕ್ಕೆ ಕಟ್ಟೋ ಬ್ಯಾಟರಿ ಸತ್ತಿದೆ. ಬಲ್ಬು ಚೆನ್ನಾಗಿದೆ. ಮತ್ತೆ ಉರಿಸಬಹುದಾ? ಎಲ್‌ಇಡಿ ಹಾಕಿಸಲಾ?
— ಓದುಗರು, ಕೆಜಿಎಫ್

ಅಮ್ಮಾ, ದಯವಿಟ್ಟು ಎಲ್‌ಇಡಿ ಹಾಕಿಸಬೇಡಿ. 500 ಮಾಡಿ ನಂಬರ್ ಹಾಕಿದ್ದು ಯಾವ ಅಂಗಡಿಯಲ್ಲಾದರೂ ಸಿಗುತ್ತೆ, ನಿಮ್ಮ ಮನೆಯದು ಸಿಗಲ್ಲ.

1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು ನಿಮ್ಮೂರಿಗೆ ಕರೆಂಟು ತಂದಿದ್ದೇ ಗಣಿಗೋಸ್ಕರ. ಬೆಂಗಳೂರಿಗೆ ಬಂದಿದ್ದು ಆಮೇಲೆ. ಆದರೆ ಸುರಂಗದ ತುದಿಯಲ್ಲಿ ಕಲ್ಲು ಕೊರೆಯೋನಿಗೆ ತಲೆಮೇಲಿನ ದೀಪವೇ ಗತಿ.

2001ರಲ್ಲಿ ಗಣಿ ಮುಚ್ಚಿತು. ಅಲ್ಲಿಂದ ಚಾರ್ಜ್ ಆಗದ ಸೀಸದ ಬ್ಯಾಟರಿ ಮತ್ತೆ ಏಳೋದಿಲ್ಲ. ಈ ದೀಪಗಳ ಬ್ಯಾಟರಿ ಸಾಮಾನ್ಯವಾಗಿ 4 ವೋಲ್ಟಿನದು. ಬಲ್ಬಿನ ಬುಡದಲ್ಲಿ ಬರೆದಿರುತ್ತೆ, ಒಮ್ಮೆ ನೋಡಿ. 4 ಅಂತಿದ್ದರೆ ನಿಮ್ಮ ಅದೃಷ್ಟ. ಒಂದು ಲೀಥಿಯಂ ಸೆಲ್ಲು ತುಂಬಿದಾಗ 4.2, ಆಮೇಲೆ 3.7ರ ಹತ್ತಿರ ನಿಲ್ಲುತ್ತೆ. ರಕ್ಷಣೆಯ ಸರ್ಕ್ಯೂಟ್ ಇರೋ ಒಂದೇ ಸೆಲ್ಲನ್ನು ಹಳೇ ಪೆಟ್ಟಿಗೆಯೊಳಗೆ ಕೂರಿಸಿದರೆ ತಂದೆಯವರ ಬಲ್ಬೇ ಉರಿಯುತ್ತೆ. ಬಲ್ಬು ಒಂದು ಆಂಪಿಯರ್ ಎಳೆದರೆ 2,600 ಎಂಎಎಚ್ ಸೆಲ್ಲಿಗೆ ಎರಡೂವರೆ ಗಂಟೆ. ಹಳೇ ಬ್ಯಾಟರಿಯೊಳಗೆ ಸೀಸ, ಗಂಧಕಾಮ್ಲ ಇದೆ. ನೀವು ಬಿಚ್ಚಬೇಡಿ, ಮೋರಿಗೆ ಸುರಿಯಬೇಡಿ. ಕಾರಿನ ಬ್ಯಾಟರಿ ಅಂಗಡಿಯವರು ಹೊರಗಿನ ಪೆಟ್ಟಿಗೆ ಉಳಿಸಿ ಒಳಗಿನದನ್ನು ತೆಗೆದುಕೊಡುತ್ತಾರಾ ಕೇಳಿ. ಟೋಪಿಯಿಂದ ಬರೋ ವೈರು ಮಾತ್ರ ಹೊಸದು ಹಾಕಿಸಿ. ಹಳೇ ರಬ್ಬರು ಮುಟ್ಟಿದರೆ ಪುಡಿಯಾಗುತ್ತೆ.

ಪ್ರಶ್ನೆ: ರಾತ್ರಿ ಮೋಟರ್ ಹಾಕೋಕೆ ತೋಟಕ್ಕೆ ಹೋಗಬೇಕು. ಮೊಬೈಲ್ ಟಾರ್ಚು ಸಾಕಲ್ವಾ?
— ಟೊಮೆಟೊ ಬೆಳೆಗಾರ, ಮುಳಬಾಗಿಲು

ಸಾಲಲ್ಲ. ಕೈ ತುಂಬ ಮೊಬೈಲೇ ಆಗುತ್ತೆ, ಕರೆ ಬಂದರೆ ಅದನ್ನೇ ಕಿವಿಗೆ ಇಡಬೇಕು. ಸಣ್ಣ ಟಾರ್ಚೊಂದು ಬೇರೆ ಇರಲಿ. 80, 100 ಲ್ಯೂಮೆನ್ ಧಾರಾಳ. ಟಾರ್ಚನ್ನು ಎದೆ ಮಟ್ಟದಲ್ಲಿ ಹಿಡಿಯಬೇಡಿ, ಕೈ ಇಳಿಬಿಟ್ಟು ಮೊಣಕಾಲಿನ ಹತ್ತಿರ ಹಿಡಿಯಿರಿ. ಬೆಳಕು ಓರೆಯಾಗಿ ಬಿದ್ದರೆ ಪ್ರತಿಯೊಂದಕ್ಕೂ ಉದ್ದ ನೆರಳು ಬರುತ್ತೆ. ಒಣ ಎಲೆಯ ಮೇಲೆ ಸುತ್ತಿಕೊಂಡ ಕೊಳಕುಮಂಡಲ ಹಾವು ಮೇಲಿಂದ ಎಲೆಯ ಹಾಗೇ ಕಾಣುತ್ತೆ, ಓರೆ ಬೆಳಕಿನಲ್ಲಿ ನೆರಳು ಅದನ್ನು ತೋರಿಸಿಕೊಡುತ್ತೆ. ಗಂಬೂಟು ಹಾಕಿಕೊಳ್ಳಿ. ಟಾರ್ಚು ಬೂಟಿನ ಬದಲಿಗಲ್ಲ.

ಪ್ರಶ್ನೆ: ತಾಮ್ರದ ಟಾರ್ಚು ಎರಡೇ ತಿಂಗಳಿಗೆ ಕಪ್ಪಾಗಿದೆ. ಡೂಪ್ಲಿಕೇಟಾ?
— ಓದುಗರು, ತುಮಕೂರು

ಅಸಲಿ ತಾಮ್ರ ಆಗಿರೋದಕ್ಕೇ ಕಪ್ಪಾಗಿದೆ. ಮನೆಯಲ್ಲಿ ತಾಮ್ರದ ಚೊಂಬು ಹೇಗೆ ತೊಳೀತಾರೋ ಹಾಗೇ. ಸೆಲ್ಲು ಆಚೆ ತೆಗೆದು, ಮುಚ್ಚಳ ಬಿಗಿ ಮಾಡಿ, ನೆನೆಸಿದ ಹುಣಸೆಹಣ್ಣಿಗೆ ಚೂರು ಉಪ್ಪು ಹಾಕಿ ಹೊರಮೈ ಮಾತ್ರ ಉಜ್ಜಿ. ಮುಚ್ಚಳದ ತಿರುಪಿನ ಗೆರೆಗಳಿಗೆ, ಗಾಜಿನ ಅಂಚಿಗೆ ಹುಳಿ ಇಳಿಯಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರಾ ಒಣಗಿಸಿ, ಆಮೇಲೆ ಸೆಲ್ಲು. ನನ್ನ ಮೇಜಿನ ಮೇಲೆ ಒಂದಿದೆ, ಅದನ್ನು ಮಾತ್ರ ಉಜ್ಜಿಲ್ಲ. ಕಪ್ಪಗಿದ್ದರೆ ಯಾರೂ ಎತ್ತಿಕೊಂಡು ಹೋಗಲ್ಲ.