ಯೂರಿಯಾ ಹೆಚ್ಚಾಗಿ ಲಾನ್ ಒಣಗಿದೆಯೇ? ಕೀಳಿಸುವ ಮೊದಲು ಬೇರು ನೋಡಿ

ಪ್ರಶ್ನೆ: ತುಮಕೂರಿನಲ್ಲಿ ನಮ್ಮ ಮನೆ ಮುಂದೆ ಸುಮಾರು 400 ಚದರಡಿ ಮೆಕ್ಸಿಕನ್ ಹುಲ್ಲಿನ ಲಾನ್ ಇದೆ. ಬಣ್ಣ ಕಳೆಗುಂದಿದೆ ಎಂದು 2 ಕೆ.ಜಿ. ಯೂರಿಯಾ ತಂದು ಬೆಳಿಗ್ಗೆ ಕೈಯಲ್ಲೇ ಎರಚಿ, ಸಂಜೆ ಪೈಪಿನಲ್ಲಿ ಸ್ವಲ್ಪ ನೀರು ಚಿಮುಕಿಸಿದೆವು. ಮೂರನೇ ದಿನಕ್ಕೆ ಪಟ್ಟೆಪಟ್ಟೆಯಾಗಿ ಹಳದಿ ತಿರುಗಿ ಈಗ ಕಂದು ಬಣ್ಣಕ್ಕೆ ಬಂದಿದೆ. ಪೂರ್ತಿ ಕಿತ್ತು ಹೊಸದು ಹಾಕಿಸಿ ಎನ್ನುತ್ತಾರೆ. ಉಳಿಸಿಕೊಳ್ಳಬಹುದೇ?

ಉತ್ತರ: ಕೀಳಿಸುವ ಯೋಚನೆಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿ. ಇಂಥ ಲಾನ್‌ಗಳಲ್ಲಿ ಬಹಳಷ್ಟು ಮತ್ತೆ ಚಿಗುರುತ್ತವೆ.

ಯೂರಿಯಾದಲ್ಲಿ ಶೇ 46 ಸಾರಜನಕ ಇರುತ್ತದೆ. ನೂರು ಚದರಡಿ ಹುಲ್ಲಿಗೆ ಒಂದು ಸಲಕ್ಕೆ 100 ಗ್ರಾಂ ಯೂರಿಯಾ ಎಂದರೆ ಅದೇ ಮೇಲ್ಮಿತಿ. ಬಿಸಿಲಿನ ದಿನಗಳಲ್ಲಿ 50 ಗ್ರಾಂ ಸಾಕು. ನಿಮ್ಮ ಲಾನ್‌ಗೆ 200ರಿಂದ 400 ಗ್ರಾಂ ಬೇಕಿದ್ದ ಕಡೆ 2 ಕೆ.ಜಿ. ಬಿದ್ದಿದೆ. ಅದೂ ಕೈಯಲ್ಲಿ ಎರಚಿದ್ದರಿಂದ ಕೆಲವು ಕಡೆ ಇನ್ನೂ ದಟ್ಟವಾಗಿ ಬಿದ್ದಿರುತ್ತದೆ. ಪಟ್ಟೆಗಳು ಮೂಡಿದ್ದು ಕೈ ಬೀಸಿದ ದಾರಿಯಲ್ಲೇ.

ಹುಲ್ಲಿಗೆ ಪೆಟ್ಟು ಎರಡು ಬಗೆಯಲ್ಲಿ ಬೀಳುತ್ತದೆ. ಬೆಳಗಿನ ಇಬ್ಬನಿಯಿಂದ ಒದ್ದೆಯಾದ ಎಲೆಗೆ ಅಂಟಿದ ಕಾಳು ಅಲ್ಲೇ ಕರಗಿ ಎಲೆಯನ್ನು ಸುಡುತ್ತದೆ. ಇದು ಮೇಲಿನ ಗಾಯ ಮಾತ್ರ. ಇನ್ನೊಂದು ಬೇರಿನ ಬಳಿ ಆಗುವುದು: ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಾದಾಗ ಬೇರು ನೀರು ಹೀರಲಾರದು, ಬೇರಿನೊಳಗಿನ ನೀರೂ ಹೊರಕ್ಕೆ ಎಳೆದುಕೊಳ್ಳುತ್ತದೆ. ಉಪ್ಪಿನಕಾಯಿಗೆ ಹಾಕಿದ ಮಾವಿನ ಹೋಳು ನೀರು ಬಿಡುವುದೂ ಇದೇ ಕಾರಣಕ್ಕೆ. ಇದರ ಜೊತೆಗೆ ಯೂರಿಯಾ ಒಡೆದಾಗ ಹೊರಡುವ ಅಮೋನಿಯಾ ಎಳೆ ಬೇರಿಗೆ ನೇರವಾಗಿಯೇ ವಿಷ. ಸಂಜೆ ನೀವು ಚಿಮುಕಿಸಿದ ಅಲ್ಪ ನೀರು ಕಾಳನ್ನು ಕರಗಿಸಿತೇ ಹೊರತು ಕೆಳಗೆ ಇಳಿಸಲಿಲ್ಲ.

ಮೊದಲು ಜೀವ ಇದೆಯೇ ನೋಡಿ. ಕಂದಾದ ಜಾಗದಲ್ಲಿ ಒಂದು ಗುಚ್ಛವನ್ನು ಮಣ್ಣಿನ ಮಟ್ಟದಲ್ಲಿ ಬಿಡಿಸಿ. ಬುಡ ಮತ್ತು ನೆಲದ ಮೇಲೆ ಹರಿಯುವ ಬಳ್ಳಿ ಬಿಳಿ ಅಥವಾ ತಿಳಿಹಸಿರಾಗಿ, ಉಗುರಿನಲ್ಲಿ ಗೀರಿದರೆ ಹಸಿಯಾಗಿ ಇದ್ದರೆ ಎಲೆ ಹೋದರೂ ಗಿಡ ಬದುಕಿದೆ. ಮೆಕ್ಸಿಕನ್ ಹುಲ್ಲಾಗಲಿ, ಗರಿಕೆ ಜಾತಿಯ ಲಾನ್ ಆಗಲಿ ಇಂಥ ಬಳ್ಳಿಯಿಂದಲೇ ಮತ್ತೆ ಹಬ್ಬುತ್ತದೆ. ಬುಡ ಕಂದಾಗಿ ಪುಡಿಪುಡಿಯಾದರೆ ಆ ಜಾಗ ಹೋದಂತೆ. ಹಿಡಿದೆಳೆದಾಗ ಹುಲ್ಲು ಚಾಪೆಯ ಹಾಗೆ ಸಲೀಸಾಗಿ ಎದ್ದು ಬಂದರೆ ಅಡಿಯಲ್ಲಿ ಬೇರು ತಿನ್ನುವ ಗೊಣ್ಣೆಹುಳು ಇದೆಯೇ ಎಂದೂ ನೋಡಿ. ಅದು ಬೇರೆಯೇ ಸಮಸ್ಯೆ.

ಚಿಕಿತ್ಸೆ ನೀರು. ಆದರೆ ಅಳತೆಯಿಂದ ಕೊಡಬೇಕು. ಕಾಳು ಇನ್ನೂ ಕಣ್ಣಿಗೆ ಕಾಣುತ್ತಿದ್ದರೆ ನೀರು ಬಿಡುವ ಮೊದಲೇ, ಹುಲ್ಲು ಒಣಗಿರುವಾಗ, ತೆಂಗಿನ ಕಡ್ಡಿಪೊರಕೆಯಿಂದ ಮೆಲ್ಲಗೆ ಗುಡಿಸಿ ತೆಗೆಯಿರಿ. ಆಮೇಲೆ ಮೊದಲ ದಿನ ಒಂದು ಇಂಚು ನೀರು ಕೊಡಿ. ನೂರು ಚದರಡಿಗೆ ಇದು ಸುಮಾರು 240 ಲೀಟರ್. ನಿಮ್ಮ ಲಾನ್‌ಗೆ ಹೆಚ್ಚುಕಡಿಮೆ ಒಂದು ಸಾವಿರ ಲೀಟರಿನ ಓವರ್‌ಹೆಡ್ ಟ್ಯಾಂಕ್ ಪೂರ್ತಿ. ಒಂದೇ ಸಲಕ್ಕೆ ಬಿಟ್ಟರೆ ನಮ್ಮ ಕೆಂಪು ಮಣ್ಣಿನ ಮೇಲ್ಪದರ ಮುಚ್ಚಿಕೊಂಡು ನೀರು ರಸ್ತೆಗೆ ಹರಿಯುತ್ತದೆ. ಬೆಳಿಗ್ಗೆ, ಮಧ್ಯಾಹ್ನಕ್ಕೆ ಮೊದಲು, ಸಂಜೆ ಎಂದು ಮೂರು ಕಂತು ಮಾಡಿ. ನೀರು ನಿಂತ ಕೂಡಲೇ ಪೈಪು ನಿಲ್ಲಿಸಿ, ಇಂಗಿದ ಮೇಲೆ ಮುಂದುವರಿಸಿ. ಮಣ್ಣು ಗಟ್ಟಿಯಾಗಿದ್ದರೆ ಕಬ್ಬಿಣದ ಸಲಾಕೆಯಿಂದ ಅರ್ಧ ಅಡಿಗೊಂದರಂತೆ ಮೂರು ಇಂಚು ಆಳಕ್ಕೆ ಚುಚ್ಚಿಕೊಳ್ಳಿ. ಮುಂದಿನ ನಾಲ್ಕು ದಿನ ಅರ್ಧ ಇಂಚಿನಂತೆ ಕೊಡಿ, ನಂತರ ಮಾಮೂಲಿ ನೀರು. ಲಾನ್‌ನ ನೀರು ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ ಹೋಗುವಂತಿದ್ದರೆ ಆ ದಾರಿಯನ್ನು ಈ ದಿನಗಳಲ್ಲಿ ತಪ್ಪದೆ ಮುಚ್ಚಿ. ಯೂರಿಯಾದಿಂದ ಮಣ್ಣಿನಲ್ಲಿ ಉಂಟಾಗುವ ನೈಟ್ರೇಟ್ ಕುಡಿಯುವ ನೀರಿಗೆ ಸೇರಬಾರದು.

ಇದನ್ನು ಇವತ್ತೇ ಶುರು ಮಾಡಿ. ಯೂರಿಯಾ ರೂಪದಲ್ಲಿರುವಾಗ ಅದು ನೀರಿನ ಜೊತೆ ಸುಲಭವಾಗಿ ಕೆಳಗಿಳಿಯುತ್ತದೆ. ಕೆಲವೇ ದಿನಗಳಲ್ಲಿ ಅಮೋನಿಯಂ ಆಗಿ ಮಣ್ಣಿನ ಕಣಕ್ಕೆ ಅಂಟಿಕೊಂಡ ಮೇಲೆ ತೊಳೆಯುವುದು ಕಷ್ಟ.

ಕೆಲವರು ಸುಣ್ಣ, ಇನ್ನು ಕೆಲವರು ಬೂದಿ ಎರಚಲು ಹೇಳುತ್ತಾರೆ. ದಯವಿಟ್ಟು ಬೇಡ. ಎರಡೂ ಕ್ಷಾರ, ಅಮೋನಿಯಾ ಇನ್ನಷ್ಟು ಹೊರಡುತ್ತದೆ. ಜಿಪ್ಸಂ ಸೋಡಿಯಂ ಹೆಚ್ಚಿರುವ ಮಣ್ಣಿನ ಮದ್ದು, ಯೂರಿಯಾದ್ದಲ್ಲ. ಹಸಿರು ಬೇಗ ಬರಲಿ ಎಂದು ನೀರಿನಲ್ಲಿ ಕರಗುವ 19:19:19 ಮಿಶ್ರಗೊಬ್ಬರ ಸಿಂಪಡಿಸುವುದೂ ತಪ್ಪು, ಅದೂ ಲವಣವೇ. ಎರಡು ತಿಂಗಳು ಯಾವ ರಾಸಾಯನಿಕ ಗೊಬ್ಬರವೂ ಬೇಡ. ಎರಡು ಮೂರು ವಾರದಲ್ಲಿ ಬದುಕಿದ ಭಾಗ ಕಡುಹಸಿರಾಗಿ ದಡಬಡ ಬೆಳೆಯಲು ಶುರುವಾಗುತ್ತದೆ. ಆಗ ಎತ್ತರದ ಮೂರನೇ ಒಂದು ಭಾಗ ಮಾತ್ರ ಕತ್ತರಿಸಿ.

ನಾಲ್ಕು ವಾರ ಕಳೆದರೂ ಚಿಗುರದ ಜಾಗದಲ್ಲಿ ಎರಡು ಮೂರು ಇಂಚು ಮಣ್ಣು ತೆಗೆದು, ಕೆಂಪು ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು ಬೆರೆಸಿ ತುಂಬಿ. ಅದೇ ಲಾನ್‌ನ ಅಂಚಿನಿಂದ ಬೇರುಸಹಿತ ತುಂಡುಗಳನ್ನು ಕಿತ್ತು ಮೂರು ಇಂಚಿಗೊಂದರಂತೆ ನೆಡಿ. ಹೊರಗಿನಿಂದ ತಂದರೆ ಬಣ್ಣವೂ ಎಲೆಯ ಅಗಲವೂ ಹೊಂದುವುದು ಕಷ್ಟ. ಮೆಕ್ಸಿಕನ್ ಹುಲ್ಲು ನಿಧಾನಿ, ಮುಚ್ಚಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ.

ಮುಂದಿನ ಸಲ ತಕ್ಕಡಿ ಬಳಸಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಾದರೂ ಆದೀತು, ಪಾತ್ರೆ ಮಾತ್ರ ಬೇರೆ ಇರಲಿ. 200 ಗ್ರಾಂ ಯೂರಿಯಾವನ್ನು ಒಣ ಮರಳು ಒಂದು ಕೆ.ಜಿ.ಯೊಂದಿಗೆ ಬೆರೆಸಿ ಎರಡು ಪಾಲು ಮಾಡಿ. ಒಂದನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ನಡೆಯುತ್ತಾ ಎರಚಿ. ಎಲೆ ಒಣಗಿರಬೇಕು. ಮುಗಿದ ತಕ್ಷಣ ನೂರು ಚದರಡಿಗೆ 60 ಲೀಟರ್‌ನಂತೆ ನೀರು ಕೊಡಿ. ಏಪ್ರಿಲ್ ಬಿಸಿಲಿನಲ್ಲಿ ಬೇಡವೇ ಬೇಡ.

ಪ್ರಶ್ನೆ: ಕೋಲಾರದಲ್ಲಿ ನಮ್ಮ ಲಾನ್‌ಗೆ ಆರ್‌ಓ ಯಂತ್ರ ನೀರು ಶುದ್ಧೀಕರಿಸುವಾಗ ಹೊರಬಿಡುವ ತ್ಯಾಜ್ಯ ನೀರು ಹಾಕುತ್ತೇವೆ. ಗೊಬ್ಬರ ಸ್ವಲ್ಪವೇ ಹಾಕಿದರೂ ಎಲೆತುದಿ ಒಣಗುತ್ತದೆ, ಮಣ್ಣಿನ ಮೇಲೆ ಬಿಳಿ ಪುಡಿ ಕಾಣುತ್ತದೆ.

ಉತ್ತರ: ಗೊಬ್ಬರಕ್ಕಿಂತ ಮೊದಲು ನೀರಿನ ಮೇಲೇ ಅನುಮಾನ ಪಡಬೇಕು. ಆರ್‌ಓ ಯಂತ್ರ ಬೋರ್ ನೀರಿನ ಲವಣವನ್ನೆಲ್ಲ ಈ ಬಿಡುವ ನೀರಿಗೆ ತಳ್ಳುತ್ತದೆ. ಲಾನ್‌ನಲ್ಲಿ ಈಗಾಗಲೇ ಲವಣ ಕೂತಿರುವುದರಿಂದ ಕಡಿಮೆ ಗೊಬ್ಬರವೂ ಮಿತಿ ದಾಟಿಸುತ್ತದೆ. ಆ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ನೀರಿನಲ್ಲಿ ಕರಗಿದ ಲವಣ ಅಳೆಯುವ ಒಂದು ಟಿಡಿಎಸ್ ಪೆನ್ ತೆಗೆದುಕೊಂಡು ಬೋರ್ ನೀರನ್ನೂ ಅಳೆಯಿರಿ: ಲೀಟರಿಗೆ 450 ಮಿ.ಗ್ರಾಂ ಒಳಗಿದ್ದರೆ ಚಿಂತೆಯಿಲ್ಲ, 2,000 ದಾಟಿದರೆ ಆ ನೀರಿನಲ್ಲಿ ಲಾನ್ ಉಳಿಸುವುದು ಕಷ್ಟ. ಮಣ್ಣು ತೊಳೆಯಲು ಸಂಪಿನ ಮಳೆನೀರೇ ಅತ್ಯುತ್ತಮ; ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಈ ಕೆಲಸ ತಾನಾಗಿಯೇ ಸಾಕಷ್ಟು ಆಗುತ್ತದೆ. ಮಣ್ಣು, ನೀರಿನ ಪರೀಕ್ಷೆಗೆ ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಪ್ರಶ್ನೆ: ಚಿಕ್ಕಬಳ್ಳಾಪುರದಲ್ಲಿದ್ದೇವೆ. ರಾಸಾಯನಿಕ ಬೇಡವೆಂದು ಫಾರಂನಿಂದ ಕೋಳಿಗೊಬ್ಬರ ತಂದು ಲಾನ್ ಮೇಲೆ ಹರಡಿದೆವು. ಅದೂ ಸುಟ್ಟಿದೆ. ಸಾವಯವ ಗೊಬ್ಬರವೂ ಸುಡುತ್ತದೆಯೇ?

ಉತ್ತರ: ಹಸಿ ಕೋಳಿಗೊಬ್ಬರ ಖಂಡಿತ ಸುಡುತ್ತದೆ. ಅದರಲ್ಲಿನ ಯೂರಿಕ್ ಆಮ್ಲ ಬೇಗ ಅಮೋನಿಯಾ ಆಗುತ್ತದೆ. ಮೂಗಿಗೆ ಘಾಟು ಬಡಿದರೆ ಅದಿನ್ನೂ ಕಳಿತಿಲ್ಲ ಎಂದೇ ಲೆಕ್ಕ. ಹರಡಿದ್ದನ್ನು ಕುಂಟೆಯಿಂದ ಎಳೆದು ತೆಗೆದು, ಮೇಲೆ ಹೇಳಿದಂತೆಯೇ ನೀರು ಕೊಡಿ. ತೆಗೆದ ಗೊಬ್ಬರವನ್ನು ಒಣ ಎಲೆ, ಹೊಟ್ಟಿನ ಜೊತೆ ರಾಶಿ ಹಾಕಿ, ತೇವ ಕಾಪಾಡಿ, ಎರಡು ವಾರಕ್ಕೊಮ್ಮೆ ಮಗುಚಿ. ರಾಶಿಯ ಬಿಸಿ ಆರಿ, ಘಾಟು ಹೋಗಿ, ಮಣ್ಣಿನ ವಾಸನೆ ಬರಲು ಮೂರು ತಿಂಗಳಾದರೂ ಬೇಕು. ಆಮೇಲೆ ಜರಡಿ ಹಿಡಿದು ನೂರು ಚದರಡಿಗೆ 2 ಕೆ.ಜಿ. ಮೀರದಂತೆ ಹಾಕಿ, ಅದೇ ದಿನ ನೀರು ಬಿಡಿ.