"ನಗ್ತಾನೇ ಇದ್ದೆ ಮೇಡಂ"

ಜನಜಂಗುಳಿಯಲ್ಲಿ ಗಾಬರಿಯಾಗುವವರು ಆಗಾಗ ಚಿಕಿತ್ಸೆಗೆ ನನ್ನ ಬಳಿ ಬರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಆಕೆಗೆ 23 ವರ್ಷ, ಮೊದಲ ಕೆಲಸ. ಆಫೀಸಿನ ಗೆಳತಿಯರ ಜೊತೆ ಡಾನ್ಸ್ ಪಾರ್ಟಿಗೆ ಹೋಗಿದ್ದಳು. ಕಾಲಿಡಲೂ ಜಾಗವಿಲ್ಲದಷ್ಟು ಜನ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾಯಿತು, ಬೆರಳು ಜುಮ್ಮೆಂದವು, ಸತ್ತೇ ಹೋಗ್ತೀನಿ ಅನ್ನಿಸಿತು. ಆಮೇಲೆ ಲಿಫ್ಟು, ಸಿನಿಮಾ, ತುಂಬಿದ ಬಸ್ಸು, ಒಂದೊಂದೇ ಬಿಡುತ್ತಾ ಬಂದಳು. ಮೊದಲು ಇಸಿಜಿ, ಥೈರಾಯ್ಡ್ ಪರೀಕ್ಷೆ ಮಾಡಿಸಿ ಅಂದೆ. ಎರಡೂ ಸರಿಯಿದ್ದವು.

ಮೂರನೇ ಭೇಟಿಯಲ್ಲಿ ಆಕೆ ಮಣಿಕಟ್ಟನ್ನು ಹೆಬ್ಬೆರಳಿನಿಂದ ಉಜ್ಜುತ್ತಲೇ ಮಾತಾಡಿದಳು. ಅವತ್ತು ಪಾರ್ಟಿಯ ಬಾಗಿಲಲ್ಲಿ ಪ್ರವೇಶದ ಸೀಲು ಒತ್ತಿದ ಜಾಗ ಅದು. ಶಾಯಿ ಹೋಗಿ ಎರಡು ತಿಂಗಳಾಗಿತ್ತು.

"ಎದೆಯಲ್ಲಿ ಬಡೀತಿದ್ದದ್ದು ನನ್ನ ಹೃದಯವೋ ಸ್ಪೀಕರ್ರೋ ಗೊತ್ತಾಗ್ಲಿಲ್ಲ."

"ಜೊತೆಗಿದ್ದವರು ಏನಂದರು?"

"ಯಾರಿಗೂ ಹೇಳ್ಲಿಲ್ಲ. ಅಷ್ಟು ಹೊತ್ತೂ ನಗ್ತಾನೇ ಇದ್ದೆ ಮೇಡಂ."

ಅಲ್ಲಿಯವರೆಗೆ ನಾನು ಜನಜಂಗುಳಿಯ ಭಯವನ್ನಷ್ಟೇ ನೋಡುತ್ತಿದ್ದೆ. ಆಕೆಗೆ ಅದಕ್ಕಿಂತ ಕಷ್ಟವಾಗಿದ್ದು "ಸ್ವಲ್ಪ ಹೊರಗೆ ಹೋಗಿ ಬರ್ತೀನಿ" ಅನ್ನುವ ಒಂದು ಮಾತು. ಎಲ್ಲರ ಖುಷಿ ಕೆಡಿಸಿದವಳು ಅನ್ನಿಸಿಕೊಳ್ಳಬಾರದು ಅಂತ ಗಾಬರಿಯನ್ನು ನುಂಗಿಕೊಂಡು ಕುಣಿದಿದ್ದಾಳೆ. ಇದು ನನ್ನನ್ನು ತುಂಬಾ ದಿನ ಕಾಡಿತು.

ಗಾಬರಿಯಲ್ಲಿ ಉಸಿರಾಟ ಜೋರಾಗುತ್ತದೆ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ಕೆಲವೇ ನಿಮಿಷಗಳಲ್ಲಿ ಅದು ಏರಿ, ತಾನಾಗಿಯೇ ಇಳಿಯುತ್ತದೆ. ಇದನ್ನು ವಿವರಿಸಿ, ಮತ್ತೆ ಪಾರ್ಟಿಗೆ ಹೋಗಿ ಅಂದೆ. ಜನ ಸೇರುವ ಮೊದಲೇ ಹೋಗಿ, ಬಾಗಿಲ ಹತ್ತಿರ ನಿಲ್ಲಿ. ಒಬ್ಬ ಗೆಳತಿಗೆ ಮುಂಚೆಯೇ ಹೇಳಿಡಿ. ಎನರ್ಜಿ ಡ್ರಿಂಕ್, ಮದ್ಯ ಎರಡೂ ಬೇಡ. ಗಾಬರಿಯಾದರೆ ಹೇಳಿ ಹೊರಗೆ ಬನ್ನಿ, ನಿಧಾನವಾಗಿ ಉಸಿರು ಬಿಡಿ. ಆದರೆ ನೇರ ಮನೆಗೆ ಹೋಗಬೇಡಿ, ಗಾಬರಿ ಇಳಿದ ಮೇಲೆ ಮತ್ತೆ ಒಳಗೆ ಹೋಗಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಜಾಗಗಳಿಗೆ ಸರಾಸರಿ 100 ಡೆಸಿಬಲ್ ಮಿತಿ ಸೂಚಿಸಿದಾಗ, ಸದ್ದಿಲ್ಲದ ಒಂದು ಮೂಲೆಯೂ ಇರಲಿ ಅಂದಿತ್ತು. ಕಿವಿಗೇ ಬಿಡುವು ಬೇಕಾದರೆ ಮನಸ್ಸಿಗೆ ಬೇಡವೇ?

"ಅಲ್ಲಿಗೆ ಹೋಗೋದೇ ಬೇಡ ಅನ್ನಬಹುದಿತ್ತಲ್ವಾ?" ಅಂತ ಆಕೆಯ ತಾಯಿ ಬೇಸರದಿಂದ ಕೇಳಿದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ನನ್ನ ಮಾತು ಬದಲಾಗಲಿಲ್ಲ. ಪಾರ್ಟಿ ಬಿಟ್ಟರೆ ನಷ್ಟವೇನಿಲ್ಲ. ಆದರೆ ಬಸ್ಸೂ ಬಿಟ್ಟಾಗಿತ್ತು. ಮುಂದೆ ಆಫೀಸೂ ಬಿಡುತ್ತಿದ್ದಳು.

ಒಂದು ಕಡೆ ಮಾತ್ರ ಸಹಿಸಿಕೊಂಡು ನಿಲ್ಲಬೇಡಿ ಅಂದಿದ್ದೇನೆ. ಜನ ಒತ್ತೊತ್ತಾಗಿ ಕೈ ಎತ್ತಲೂ ಆಗದ ಹಾಗಾಗುತ್ತಿದ್ದರೆ ಅದು ಮನಸ್ಸಿನ ಗಾಬರಿಯಲ್ಲ, ನಿಜವಾದ ಅಪಾಯ. ಹಾಗಾಗುವ ಮೊದಲೇ ಹೊರಟುಬಿಡಬೇಕು.

ಕಳೆದ ತಿಂಗಳು ಹೋಗಿದ್ದಳು. 40 ನಿಮಿಷ ಇದ್ದಳಂತೆ. ಎರಡು ಸಲ ಹೇಳಿ ಹೊರಗೆ ಬಂದಳು. ಎರಡನೇ ಸಲ ಮತ್ತೆ ಒಳಗೆ ಹೋಗಲು ಆಗಲಿಲ್ಲ. ಪರವಾಗಿಲ್ಲ, ಮುಂದಿನ ಸಲ ನೋಡೋಣ ಅಂದೆ.